120 ಆಂಪಿಯರ್ ಹಾಕಿದರೆ ಮೋಟರ್ ಸುಟ್ಟು ಹೋಗುತ್ತಾ?

ಪ್ರಶ್ನೆ: ನಾವು ತಿಪಟೂರು ಕಡೆಯವರು, ತೆಂಗಿನ ತೋಟ ಇದೆ. ಮಗ ಒಂಬತ್ತನೇ ಕ್ಲಾಸು. ಅವನ ಹತ್ತಿರ 1/10 ಅಳತೆಯ ಟೂ ವೀಲ್ ಡ್ರೈವ್ ಶಾರ್ಟ್ ಕೋರ್ಸ್ ಟ್ರಕ್ (ಮಣ್ಣಿನಲ್ಲಿ ಓಡಿಸುವ ರಿಮೋಟ್ ಗಾಡಿ) ಇದೆ. ಅದರ 550 ಅಳತೆಯ ಬ್ರಶ್ಡ್ (ಒಳಗೆ ಕಾರ್ಬನ್ ಬ್ರಶ್ ಇರುವ) ಮೋಟರ್ ಸೋತಿದೆ. ಬ್ರಶ್‌ಲೆಸ್ ಹಾಕಿಸೋಣ ಅಂತಿದ್ದೇವೆ. ಅಂಗಡಿಯವರು 45 ಆಂಪಿಯರ್ ಇಎಸ್‌ಸಿ (ಬ್ಯಾಟರಿಯಿಂದ ಮೋಟರಿಗೆ ಕರೆಂಟ್ ಕೊಟ್ಟು ಸ್ಪೀಡ್ ನಿಯಂತ್ರಿಸುವ ಭಾಗ) ಸಾಕು ಅಂದರು. ಆನ್‌ಲೈನಿನಲ್ಲಿ 60, 120 ಎಲ್ಲಾ ಇವೆ. 120 ಹಾಕಿದರೆ ಮೋಟರ್ ಸುಟ್ಟು ಹೋಗುತ್ತೆ ಅಂತ ಮಗನ ಸ್ನೇಹಿತ ಹೇಳುತ್ತಾನೆ. ಸೆನ್ಸರ್ ಇರುವುದನ್ನೇ ತಗೋಬೇಕಾ? ಈಗ ಇರುವುದು 2ಎಸ್ (ಎರಡು ಸೆಲ್ಲಿನ) ಲಿಪೊ ಬ್ಯಾಟರಿ, ಮುಂದೆ 3ಎಸ್ ಹಾಕುವ ಆಸೆ. ಕೆರೆ ಅಂಗಳದಲ್ಲಿ ಓಡಿಸುತ್ತೇವೆ.

ಉತ್ತರ: ಮಗನ ಸ್ನೇಹಿತನ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಈ ಭಯ ತುಂಬಾ ಜನಕ್ಕೆ ಇದೆ. 120 ಹಾಕಿದ ಮಾತ್ರಕ್ಕೆ ಮೋಟರ್ ಸುಡಲ್ಲ. ಇಎಸ್‌ಸಿ ಮೇಲೆ ಬರೆದಿರುವ ಆಂಪಿಯರ್ ಅಂದರೆ ಅದು ತಡೆದುಕೊಳ್ಳಬಲ್ಲ ಕರೆಂಟ್. ಎಷ್ಟು ಎಳೆಯಬೇಕು ಅನ್ನೋದನ್ನ ಮೋಟರು, ಅದರ ಮೇಲಿನ ಭಾರ, ಗೇರು ಇವೇ ತೀರ್ಮಾನ ಮಾಡುತ್ತವೆ. ನಿಮ್ಮ ಬೋರ್‌ವೆಲ್‌ನ 5 ಎಚ್‌ಪಿ ಮೋಟರಿಗೆ 10 ಎಚ್‌ಪಿಗೆ ಹಾಕುವಂಥ ದಪ್ಪ ಕೇಬಲ್ ಎಳೆದಿರಿ ಅನ್ನಿ. ಮೋಟರ್ ಸುಡುತ್ತಾ? ಕೇಬಲ್ ತಣ್ಣಗಿರುತ್ತೆ, ಅಷ್ಟೇ. ಇಲ್ಲೂ ಹಾಗೇ.

ಆದರೆ ಆ ಹುಡುಗ ಸುಮ್ನೆ ಹೇಳಿರಲಿಕ್ಕಿಲ್ಲ. 120 ಆಂಪಿಯರಿನ ಇಎಸ್‌ಸಿ ಹಾಕಿ ಮೋಟರ್ ಸುಟ್ಟುಕೊಂಡವರನ್ನು ನಾನೂ ನೋಡಿದ್ದೇನೆ. ಅಲ್ಲಿ ಆಗಿದ್ದು ಬೇರೆ. ದೊಡ್ಡ ಪಿನಿಯನ್ (ಮೋಟರಿನ ಶಾಫ್ಟಿಗೆ ಕೂರುವ ಹಲ್ಲಿನ ಗೇರು) ಹಾಕಿ ಸ್ಪೀಡ್ ಜಾಸ್ತಿ ಮಾಡಿದ್ದರು. ಸಣ್ಣ ಇಎಸ್‌ಸಿ ಆಗಿದ್ದರೆ ಅದೇ ಮೊದಲು ಬಿಸಿಯಾಗಿ ಆಫ್ ಆಗುತ್ತಿತ್ತು, ಮೋಟರ್ ಉಳಿಯುತ್ತಿತ್ತು. ದೊಡ್ಡದು ಆರಾಮಾಗಿ ಕೊಡುತ್ತಾ ಹೋಯಿತು, ಮೋಟರ್ ತಾನೇ ಬೆಂದಿತು. ತಪ್ಪು ಗೇರಿನದು, ಹೆಸರು ಕೆಟ್ಟಿದ್ದು 120ರದು.

ಅದಕ್ಕೇ ನಾನು ಯಾರೇ ಕೇಳಿದರೂ ಇಎಸ್‌ಸಿಯನ್ನು ಕೊನೆಗೆ ಆರಿಸಿ ಅನ್ನುತ್ತೇನೆ. ಮೊದಲು ಬ್ಯಾಟರಿ ಎಷ್ಟು ಸೆಲ್ಲಿನದು ಅಂತ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಅದಕ್ಕೆ ಹೊಂದುವ ಮೋಟರ್. ಆಮೇಲೆ ಗೇರು. ಇಷ್ಟಾದ ಮೇಲೆ ಇಎಸ್‌ಸಿ ಯಾವುದು ಅಂತ ಹೆಚ್ಚುಕಮ್ಮಿ ತಾನಾಗೇ ಗೊತ್ತಾಗುತ್ತೆ. ಅಂಗಡಿಯಲ್ಲಿ ನಡೆಯೋದು ಉಲ್ಟಾ. ಶೋಕೇಸಿನಲ್ಲಿರುವ ಇಎಸ್‌ಸಿಗೆ ಗಾಡಿ ಹೊಂದಿಸುತ್ತಾರೆ.

ಬ್ಯಾಟರಿ ಲೆಕ್ಕ ಸುಲಭ. ಲಿಪೊದ ಒಂದು ಸೆಲ್ 3.7 ವೋಲ್ಟ್, ಫುಲ್ ಚಾರ್ಜಿಗೆ 4.2. ಅಂದರೆ 2ಎಸ್ 7.4 ವೋಲ್ಟ್, 3ಎಸ್ 11.1 ವೋಲ್ಟ್. ಮೋಟರಿನ ಮೇಲೆ 3300 ಕೆವಿ, 4000 ಕೆವಿ ಅಂತ ಬರೆದಿರುತ್ತೆ. ತೋಟದ ಪಕ್ಕ ಹೋಗುವ 11 ಕೆವಿ ಲೈನಿನ ಕೆವಿ ಬೇರೆ, ಇದು ಬೇರೆ. ಇಲ್ಲಿ ಕೆವಿ ಅಂದರೆ ಭಾರವಿಲ್ಲದೆ ತಿರುಗುವಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. 3300 ಕೆವಿ ಮೋಟರಿಗೆ 7.4 ವೋಲ್ಟ್ ಕೊಟ್ಟರೆ ನಿಮಿಷಕ್ಕೆ 24,420 ಸುತ್ತು.

ಈಗ ನಿಮ್ಮ ಟ್ರಕ್ಕಿಗೆ ಬರೋಣ. ಶಾರ್ಟ್ ಕೋರ್ಸ್ ಚಕ್ರದ ಅಡ್ಡಗಲ ಸುಮಾರು 110 ಮಿ.ಮೀ., ಒಂದು ಸುತ್ತಿಗೆ ಸುಮಾರು 34.5 ಸೆಂ.ಮೀ. ಮುಂದೆ ಹೋಗುತ್ತೆ. ಮೋಟರ್ 11 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ಅಂತ ಇಟ್ಟುಕೊಳ್ಳಿ. ನಿಮ್ಮ ಗಾಡಿಯದು ಸರಿಯಾಗಿ ಎಷ್ಟು ಅಂತ ಅದರ ಮ್ಯಾನ್ಯುಯಲ್‌ನಲ್ಲಿ ಸಿಗುತ್ತೆ. 24,420 ಅನ್ನು 11ರಿಂದ ಭಾಗಿಸಿದರೆ 2,220. ಅದಕ್ಕೆ 34.5 ಸೆಂ.ಮೀ. ಗುಣಿಸಿದರೆ ಗಂಟೆಗೆ 46 ಕಿ.ಮೀ. ಅದೇ ಮೋಟರಿಗೆ 3ಎಸ್ ಹಾಕಿದರೆ 69 ಕಿ.ಮೀ. 4000 ಕೆವಿಗೆ 3ಎಸ್ ಹಾಕಿದರೆ 83 ದಾಟುತ್ತೆ. ಇದು ಕಾಗದದ ಲೆಕ್ಕ, ನೆಲದ ಮೇಲೆ ಇದಕ್ಕಿಂತ ಕಮ್ಮಿ ಬರುತ್ತೆ. ಆದರೂ ಎರಡು ಕೆ.ಜಿ. ಮೇಲಿರುವ ಗಾಡಿ ಬೈಕಿನ ಸ್ಪೀಡಿನಲ್ಲಿ ಯಾರದಾದರೂ ಕಾಲಿಗೆ ಬಡಿದರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಒಂಬತ್ತನೇ ಕ್ಲಾಸಿನವನಿಗೆ 46 ಸಾಕು ಸ್ವಾಮಿ. ಬ್ರಶ್ಡ್ ಓಡಿಸಿದ ಕೈಗೆ ಅದೇ ರಾಕೆಟ್ ಅನ್ನಿಸುತ್ತೆ.

ಹಾಗಾಗಿ ಮೋಟರ್ 3300 ಕೆವಿ ಆಸುಪಾಸಿನದು ತಗೊಳ್ಳಿ. ಅಳತೆ 3650 ಅಥವಾ 3652 ಅಂತ ಇರುತ್ತೆ. ಮೊದಲ ಎರಡು ಅಂಕಿ ಮೋಟರಿನ ದಪ್ಪ, 36 ಮಿ.ಮೀ. ಆಮೇಲಿನ ಎರಡು ಉದ್ದ. ಒಳಗಿನ ಅಯಸ್ಕಾಂತ ನಾಲ್ಕು ಪೋಲಿನದು ಇರಲಿ, ಕಮ್ಮಿ ಸ್ಪೀಡಿನಲ್ಲಿ ಎಳೆತ ಚೆನ್ನಾಗಿರುತ್ತೆ. 2ಎಸ್‌ನಲ್ಲಿ ಮಗನಿಗೆ ಖುಷಿ, ಮುಂದೆ 3ಎಸ್ ಹಾಕಿದರೂ ಹುಚ್ಚಾಟ ಆಗಲ್ಲ.

3ಎಸ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ವೋಲ್ಟ್ ಜಾಸ್ತಿ ಆದರೆ ಕರೆಂಟ್ ಕಮ್ಮಿ ಆಗುತ್ತೆ, ಅದಕ್ಕೇ 3ಎಸ್ ತಣ್ಣಗೆ ಓಡುತ್ತೆ ಅಂತ. ಅದೇ ಸ್ಪೀಡಿಗೆ ಕಮ್ಮಿ ಕೆವಿ ಮೋಟರ್ ಹಾಕಿಕೊಂಡರೆ ಈ ಮಾತು ಸರಿ. ಮೋಟರೂ ಅದೇ, ಗೇರೂ ಅದೇ ಇಟ್ಟು ಬ್ಯಾಟರಿ ಮಾತ್ರ ಬದಲಾಯಿಸಿದರೆ ಸ್ಪೀಡ್ ಏರುತ್ತೆ, ಅದರ ಜೊತೆ ಕರೆಂಟೂ ಏರುತ್ತೆ. ಬಿಸಿ ಅದಕ್ಕಿಂತ ಜೋರಾಗಿ ಏರುತ್ತೆ. ಕರೆಂಟ್ ಒಂದೂವರೆ ಪಟ್ಟಾದರೆ ವಯರಿನಲ್ಲಿ, ಮೋಟರಿನ ಸುತ್ತಿನಲ್ಲಿ, ಇಎಸ್‌ಸಿಯೊಳಗೆ ಕರೆಂಟ್ ಆನ್-ಆಫ್ ಮಾಡುವ ಮಾಸ್‌ಫೆಟ್‌ಗಳಲ್ಲಿ ಹುಟ್ಟುವ ಬಿಸಿ ಎರಡೂಕಾಲು ಪಟ್ಟು. ಆದ್ದರಿಂದ 3ಎಸ್ ಹಾಕುವ ದಿನ ಪಿನಿಯನ್ನಿನಲ್ಲಿ ನಾಲ್ಕೈದು ಹಲ್ಲು ಇಳಿಸಿ. 21 ಇದ್ದರೆ 16 ಅಥವಾ 17.

ಇನ್ನು 45 ಸಾಕಾ, 60 ಬೇಕಾ? ನಿಮ್ಮ ಗಾಡಿಯಿಂದಲೇ ಲೆಕ್ಕ ತೆಗೆಯಬಹುದು. ಗಾಡಿ 12 ನಿಮಿಷ ಓಡಿಸಿ, ಬ್ಯಾಟರಿ ಮತ್ತೆ ಫುಲ್ ಮಾಡಿ. ಚಾರ್ಜರ್ ಪರದೆಯ ಮೇಲೆ ಎಷ್ಟು ಎಂಎಎಚ್ (ಮಿಲಿ ಆಂಪಿಯರ್ ಅವರ್) ಒಳಗೆ ಹೋಯಿತು ಅಂತ ಬರುತ್ತೆ. 3600 ಅಂತ ಬಂತು ಅನ್ನಿ. 3.6 ಆಂಪಿಯರ್ ಅವರ್, 12 ನಿಮಿಷ ಅಂದರೆ ಗಂಟೆಯ ಐದನೇ ಒಂದು ಭಾಗ. 3.6 ಗುಣಿಸು 5, 18 ಆಂಪಿಯರ್. ಸರಾಸರಿ ಇಷ್ಟೇ. ಹಾಗಾದರೆ 45 ಧಾರಾಳ ಅಲ್ವಾ ಅಂತ ಕೇಳಬೇಡಿ. ಸರಾಸರಿಯಲ್ಲಿ ಬ್ರೇಕ್ ಹಿಡಿದಿದ್ದು, ಸುಮ್ನೆ ತೇಲಿದ್ದು ಎಲ್ಲಾ ಸೇರಿರುತ್ತೆ. ನಿಂತಲ್ಲಿಂದ ಥ್ರಾಟಲ್ ಪೂರ್ತಿ ಒತ್ತಿದಾಗ, ಮರಳಲ್ಲಿ ಚಕ್ರ ಹೂತಾಗ, ಹುಲ್ಲಿನಲ್ಲಿ ಸಿಕ್ಕಿಕೊಂಡಾಗ ಅದರ ಮೂರು ನಾಲ್ಕು ಪಟ್ಟು ಒಂದೇ ಸಲ ಎಳೆಯಬಹುದು.

ಜೊತೆಗೆ ಡಬ್ಬದ ಮೇಲಿನ ಅಂಕಿಗೆ ಎಲ್ಲರೂ ಒಪ್ಪಿದ ಅಳತೆಗೋಲು ಅಂತ ಒಂದಿಲ್ಲ. ಒಬ್ಬರು ನಿರಂತರ ಕರೆಂಟ್ ಬರೆಯುತ್ತಾರೆ, ಇನ್ನೊಬ್ಬರು ಕ್ಷಣಮಾತ್ರದ್ದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಫ್ಯಾನ್ ತಿರುಗುತ್ತಾ, ಗಾಳಿ ಆಡುತ್ತಾ ಅನ್ನೋದರ ಮೇಲೂ ಅಂಕಿ ನಿಂತಿರುತ್ತೆ. ಹೆಸರಿಲ್ಲದ ಕಂಪನಿಯ 60ಕ್ಕಿಂತ ಹೆಸರಿರುವ ಕಂಪನಿಯ 45 ಗಟ್ಟಿ ಇರಬಹುದು. ನನ್ನ ರೂಢಿ ಏನೆಂದರೆ ಅಂಕಿ ನೋಡುವ ಮೊದಲು ಮ್ಯಾನ್ಯುಯಲ್ ತೆಗೆದು 'ಎಷ್ಟು ಸೆಲ್ಲಿಗೆ ಎಷ್ಟು ಕೆವಿವರೆಗೆ' ಅನ್ನುವ ಸಾಲು ಹುಡುಕುತ್ತೇನೆ. ಸರಿಯಾದ ಕಂಪನಿಗಳು ಇದನ್ನು 2ಎಸ್‌ಗೆ ಬೇರೆ, 3ಎಸ್‌ಗೆ ಬೇರೆ ಬರೆದಿರುತ್ತವೆ. ಆ ಸಾಲೇ ಇಲ್ಲದ ಇಎಸ್‌ಸಿ ಬೇಡ.

ನಿಮ್ಮ ಊರಿನ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊರಗಿನ ಗಾಳಿಯೇ 36-37 ಡಿಗ್ರಿ ಇದ್ದಾಗ, ತಂಪು ದೇಶದಲ್ಲಿ ಕೂತು ಪಾಸು ಮಾಡಿದ ಅಂಕಿ ಇಲ್ಲಿ ಅಷ್ಟೇ ಬಾಳಲ್ಲ. ಹಾಗಾಗಿ 45 ಬಿಡಿ. 60 ಆಂಪಿಯರ್, 2ಎಸ್-3ಎಸ್ ಎರಡಕ್ಕೂ ನಡೆಯುವ, ವಾಟರ್‌ಪ್ರೂಫ್, ಸೆನ್ಸರ್‌ಲೆಸ್. ಇದು ನಿಮಗೆ ಸರಿಹೋಗುವ ವರ್ಗ. ಹಾಬಿವಿಂಗ್‌ನ ಇಝಡ್‌ರನ್ ಮ್ಯಾಕ್ಸ್10 ಈ ವರ್ಗದ್ದೇ, ಅದು 3652 ಅಳತೆಯ 3300 ಕೆವಿ ಮೋಟರಿನ ಜೊತೆ ಜೋಡಿಯಾಗೂ ಬರುತ್ತೆ. ಅದೇ ಕಂಪನಿಯ ಕ್ವಿಕ್‌ರನ್ ಡಬ್ಲ್ಯೂಪಿ 10ಬಿಎಲ್60 ಸ್ವಲ್ಪ ಸರಳವಾದದ್ದು, ಅದೂ ನಡೆಯುತ್ತೆ. ಮೋಟರ್, ಇಎಸ್‌ಸಿ ಒಟ್ಟಿಗೇ ತಗೊಂಡರೆ ಸಾಮಾನ್ಯವಾಗಿ ದುಡ್ಡೂ ಉಳಿಯುತ್ತೆ, ಹೊಂದಿಸುವ ತಲೆನೋವೂ ತಪ್ಪುತ್ತೆ.

120 ಯಾರಿಗೆ? ಫೋರ್ ವೀಲ್ ಡ್ರೈವ್ ಇರುವವರಿಗೆ, 3660ರಂಥ ಉದ್ದದ ಮೋಟರ್ ಹಾಕುವವರಿಗೆ, ಸದಾ 3ಎಸ್‌ನಲ್ಲೇ ಓಡಿಸುವವರಿಗೆ. ನಾಲ್ಕೂ ಚಕ್ರಕ್ಕೆ ಎಳೆತ ಇದ್ದರೆ ಚಕ್ರ ಜಾರಿ ಭಾರ ಹಗುರಾಗುವ ಅವಕಾಶ ಕಮ್ಮಿ, ಮೋಟರ್ ಕರೆಂಟನ್ನು ಪೂರಾ ಎಳೆಯುತ್ತೆ. ನಿಮ್ಮ ಮಗ ಮುಂದೆ ಅಂಥ ಗಾಡಿ ಕಟ್ಟುತ್ತಾನೆ ಅಂತ ಖಾತ್ರಿ ಇದ್ದರೆ ಈಗಲೇ 120 ತಗೊಳ್ಳಿ, ದಂಡ ಆಗಲ್ಲ. ಗಾಡಿಯಲ್ಲಿ ಜಾಗ ಇದೆಯಾ ಅಂತ ಮಾತ್ರ ಅಳೆದು ನೋಡಿ.

ಸೆನ್ಸರ್ ಪ್ರಶ್ನೆ. ಬ್ರಶ್‌ಲೆಸ್ ಮೋಟರಿಗೆ ಮೂರು ವಯರ್, ಒಳಗೆ ನಡೆಯೋದು ತ್ರೀ ಫೇಸ್. ಇಎಸ್‌ಸಿ ಬ್ಯಾಟರಿಯ ಡಿಸಿ ಕರೆಂಟನ್ನು ಮೂರು ಫೇಸ್ ಮಾಡಿ ಸರದಿ ಪ್ರಕಾರ ಕೊಡುತ್ತೆ. ಯಾವ ಫೇಸಿಗೆ ಯಾವಾಗ ಕೊಡಬೇಕು ಅಂತ ಗೊತ್ತಾಗಬೇಕಾದರೆ ಒಳಗಿನ ಅಯಸ್ಕಾಂತ ಈಗ ಎಲ್ಲಿದೆ ಅಂತ ಗೊತ್ತಿರಬೇಕು. ಸೆನ್ಸರ್ಡ್ ಮೋಟರಿನಲ್ಲಿ ಅದಕ್ಕೇ ಅಂತ ಅಯಸ್ಕಾಂತವನ್ನು ಗುರುತಿಸುವ ಮೂರು ಹಾಲ್ ಸೆನ್ಸರ್, ಒಂದು ತೆಳು ಆರು ವಯರಿನ ಕೇಬಲ್ ಇರುತ್ತೆ. ಸೆನ್ಸರ್‌ಲೆಸ್‌ನಲ್ಲಿ ಮೋಟರ್ ತಿರುಗುವಾಗ ಖಾಲಿ ಇರುವ ಫೇಸಿನಲ್ಲಿ ಹುಟ್ಟುವ ವೋಲ್ಟನ್ನು ಓದಿಕೊಂಡು ಇಎಸ್‌ಸಿ ಜಾಗ ಕಂಡುಹಿಡಿಯುತ್ತೆ. ನಿಂತಿದ್ದಾಗ ಆ ವೋಲ್ಟೇ ಇಲ್ಲ. ಕರೆಂಟ್ ಹೋದಾಗ ನಾವು ಕತ್ತಲಲ್ಲಿ ಗೋಡೆ ತಡಕಿಕೊಂಡು ಹೋಗುತ್ತೇವಲ್ಲ, ಹಾಗೆ ಮೊದಲ ಕ್ಷಣ ಅದೂ ತಡಕುತ್ತೆ. ಗಾಡಿ ಹೊರಡುವಾಗ ಒಂದೆರಡು ಸಲ ತಡವರಿಸಿ ಜಗ್ಗುತ್ತೆ. ಇದನ್ನೇ ಕಾಗಿಂಗ್ ಅನ್ನೋದು.

ಬಂಡೆ ಹತ್ತುವ ಕ್ರಾಲರ್, ಡ್ರಿಫ್ಟ್, ಟ್ರ್ಯಾಕ್ ರೇಸು ಇವಕ್ಕೆ ಸೆನ್ಸರ್ ಬೇಕೇ ಬೇಕು. ಕೆರೆ ಅಂಗಳದಲ್ಲಿ ಧೂಳೆಬ್ಬಿಸಿಕೊಂಡು ಓಡುವ ಟ್ರಕ್ಕಿಗೆ ಬೇಡ. ಧೂಳು ಹೊಕ್ಕು, ಕೇಬಲ್ ಸಡಿಲ ಆಗಿ, ಒಂದು ದಿನ ಗಾಡಿ ಹೋಗೇ ಇಲ್ಲ ಅಂತ ಕೂತುಕೊಳ್ಳುವ ತಾಪತ್ರಯ ಯಾಕೆ?

ತ್ರೀ ಫೇಸ್ ಅಂದ ಮೇಲೆ ನಿಮಗೆ ಹೊಸದಾಗಿ ಹೇಳುವುದು ಏನೂ ಇಲ್ಲ. ಸೆನ್ಸರ್‌ಲೆಸ್ ಮೋಟರ್ ಉಲ್ಟಾ ತಿರುಗಿದರೆ ಪಂಪ್‌ಸೆಟ್‌ಗೆ ಮಾಡುವುದನ್ನೇ ಮಾಡಿ, ಮೂರರಲ್ಲಿ ಯಾವುದಾದರೂ ಎರಡು ವಯರ್ ಅದಲು ಬದಲು. ಮೋಟರ್ ಗುಂಯ್ ಅಂದು ನಡುಗಿ ತಿರುಗದೇ ನಿಂತರೆ? ಅದೂ ಗೊತ್ತಲ್ಲ, ಒಂದು ಫೇಸ್ ಹೋಗಿದೆ. ಇಲ್ಲಿ ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗಬೇಕಿಲ್ಲ, ಮೂರರಲ್ಲಿ ಒಂದು ಬುಲೆಟ್ ಕನೆಕ್ಟರ್ ಬಿಟ್ಟಿರುತ್ತೆ ಅಥವಾ ಸೋಲ್ಡರ್ ಸರಿಯಾಗಿ ಹಿಡಿದಿರಲ್ಲ. ಹಾಗೆ ನಡುಗುವಾಗ ಥ್ರಾಟಲ್ ಒತ್ತುತ್ತಾ ಇರಬೇಡಿ, ಇಎಸ್‌ಸಿ ಸಾಯುತ್ತೆ.

ಸೋಲ್ಡರ್ ಮಾತು ಬಂತು. ನಾನು ಹೊಚ್ಚ ಹೊಸ ಇಎಸ್‌ಸಿಯೊಂದನ್ನು ಒಂದು ಮೀಟರೂ ಓಡಿಸದೆ ಕೊಂದಿದ್ದೇನೆ. ರಾತ್ರಿ ಹತ್ತೂವರೆ, ಬೆಳಿಗ್ಗೆ ಓಡಿಸಬೇಕು ಅನ್ನೋ ಅವಸರ. ಟಿ ಪ್ಲಗ್ಗಿಗೆ ವಯರ್ ಹಿಡಿಸಿದೆ, ಹೀಟ್ ಶ್ರಿಂಕ್ ಕೂಡ ನೀಟಾಗಿ ಏರಿಸಿದೆ. ಕೆಂಪು ಹೋಗಬೇಕಾದ ಕಡೆ ಕಪ್ಪು. ಬ್ಯಾಟರಿ ಸಿಕ್ಕಿಸಿದೆ. ಟಪ್ ಅಂತ ಒಂದು ಸದ್ದು, ಕೆಪಾಸಿಟರಿನ ತಲೆ ಉಬ್ಬಿ ಸೀಳಿತು, ಮನೆ ತುಂಬಾ ಮೀನು ಸೀದ ವಾಸನೆ. ಅಡುಗೆಮನೆಯಿಂದ "ಏನ್ರೀ ಹತ್ತಿಕೊಳ್ತು?" ಅಂತ ಕೇಳಿಬಂತು. ಉಲ್ಟಾ ಕೊಟ್ಟರೆ ತಡೆಯುವ ವ್ಯವಸ್ಥೆ ಈ ಇಎಸ್‌ಸಿಗಳಲ್ಲಿ ಇರುವುದಿಲ್ಲ, ವಾರಂಟಿಯವರೂ ಒಪ್ಪಲ್ಲ. ಈಗ ನಾನು ಪ್ಲಗ್ ಹಿಡಿಸಿದ ಮೇಲೆ ಹಗಲು ಬೆಳಕಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡದೆ ಬ್ಯಾಟರಿ ಮುಟ್ಟಲ್ಲ.

ಪ್ಲಗ್ ಎಕ್ಸ್‌ಟಿ60 ಇದ್ದರೆ ಒಳ್ಳೆಯದು, ಉಲ್ಟಾ ಹೋಗಲ್ಲ. ಹಳೇ ಬ್ಯಾಟರಿಗಳಲ್ಲಿ ಬರುವ ಬಿಳಿ ಟಮಿಯಾ ಪ್ಲಗ್ ಬ್ರಶ್‌ಲೆಸ್‌ಗೆ ಆಗಲ್ಲ, ಕರಗುತ್ತೆ. ಇನ್ನೊಂದು, ಬ್ಯಾಟರಿ ದೂರ ಆಯಿತು ಅಂತ ಬ್ಯಾಟರಿ ಕಡೆಯ ವಯರನ್ನು ಉದ್ದ ಮಾಡಬೇಡಿ. ಉದ್ದ ಆದಷ್ಟೂ ಇಎಸ್‌ಸಿಯ ಕೆಪಾಸಿಟರಿಗೆ ಪೆಟ್ಟು ಜಾಸ್ತಿ. ಉದ್ದ ಬೇಕೇ ಬೇಕಾದರೆ ಮೋಟರ್ ಕಡೆಯ ಮೂರು ವಯರನ್ನು ಮಾಡಿ.

ಯಾರೂ ಕೇಳದ ಒಂದು ವಿಷಯ ಬಿಇಸಿ. ಸ್ಟೀರಿಂಗ್ ಸರ್ವೊಗೆ (ಮುಂದಿನ ಚಕ್ರ ತಿರುಗಿಸುವ ಸಣ್ಣ ಮೋಟರ್), ರಿಸೀವರಿಗೆ ಕರೆಂಟ್ ಕೊಡುವುದು ಇಎಸ್‌ಸಿಯೊಳಗಿನ ಈ ಭಾಗ. ಸಾಮಾನ್ಯವಾಗಿ 6 ವೋಲ್ಟ್, 3 ಆಂಪಿಯರ್ ಆಸುಪಾಸು. ಗಾಡಿಯ ಜೊತೆ ಬಂದ ಸರ್ವೊಗೆ ಧಾರಾಳ ಆಯಿತು. ಮಗ ಮುಂದೆ 20-25 ಕೆ.ಜಿ. ಎಳೆತದ ಮೆಟಲ್ ಗೇರ್ ಸರ್ವೊ ಹಾಕಿದ ಅನ್ನಿ. ಅದು ಕಲ್ಲಿಗೆ ಒತ್ತಿಕೊಂಡು ನಿಂತಾಗ ಒಂದೇ 2-3 ಆಂಪಿಯರ್ ನುಂಗಬಹುದು. ಆಗ ತಿರುವಿನಲ್ಲಿ ಗಾಡಿ ಒಂದು ಕ್ಷಣ ಸತ್ತು ಮತ್ತೆ ಬೀಪ್ ಅಂದು ಎದ್ದೇಳುತ್ತೆ. ಜನ ರಿಮೋಟ್ ಕೆಟ್ಟಿದೆ ಅಂತ ರಿಮೋಟ್ ಬದಲಾಯಿಸುತ್ತಾರೆ. ಪಾಪ ರಿಮೋಟಿನದು ಏನೂ ತಪ್ಪಿರಲ್ಲ.

ತಗೊಳ್ಳುವ ಮೊದಲು ಮೋಟರಿನ ಶಾಫ್ಟ್ ಕೇಳಿ. ಈ ಅಳತೆಯ ಮೋಟರುಗಳಲ್ಲಿ 3.17 ಮಿ.ಮೀ. ಶಾಫ್ಟ್ ರೂಢಿ, ಕೆಲವಕ್ಕೆ 5 ಮಿ.ಮೀ. ಇರುತ್ತೆ. ನಿಮ್ಮ ಈಗಿನ ಪಿನಿಯನ್ 5ಕ್ಕೆ ಕೂರಲ್ಲ. ಹಲ್ಲಿನ ಅಳತೆಯೂ ಹಾಗೇ, 48 ಪಿಚ್, 32 ಪಿಚ್, ಮಾಡ್ಯೂಲ್ 0.6, ಮಾಡ್ಯೂಲ್ 0.8 ಅಂತ ನಾಲ್ಕು ಥರ ಓಡಾಡುತ್ತವೆ. ಕಣ್ಣಿಗೆ ಒಂದೇ ಥರ ಕಂಡರೂ 48 ಪಿಚ್ಚಿಗೂ ಮಾಡ್ಯೂಲ್ 0.6ಕ್ಕೂ ಹೊಂದಲ್ಲ. ಹಾಕಿದರೆ ಹತ್ತು ನಿಮಿಷಕ್ಕೆ ಪ್ಲಾಸ್ಟಿಕ್ ಸ್ಪರ್ (ಪಿನಿಯನ್ ತಿರುಗಿಸುವ ದೊಡ್ಡ ಗೇರು) ಹಲ್ಲು ತೇದು ಹಿಟ್ಟಾಗುತ್ತೆ.

ಬಂದ ಮೇಲೆ ಮೊದಲ ದಿನ ಗಾಡಿಯನ್ನು ಒಂದು ಡಬ್ಬದ ಮೇಲೆ ಕೂರಿಸಿ, ಚಕ್ರ ಗಾಳಿಯಲ್ಲಿರಲಿ. ಮೊದಲು ರಿಮೋಟ್ ಆನ್, ಆಮೇಲೆ ಗಾಡಿ. ಆಫ್ ಮಾಡುವಾಗ ಇದರ ಉಲ್ಟಾ. ನ್ಯೂಟ್ರಲ್, ಫುಲ್ ಥ್ರಾಟಲ್, ಫುಲ್ ಬ್ರೇಕ್ ಮೂರನ್ನೂ ಇಎಸ್‌ಸಿಗೆ ಕಲಿಸಬೇಕು, ಕ್ರಮ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಸೆಟ್ಟಿಂಗಿನಲ್ಲಿ ಬ್ಯಾಟರಿ ಲಿಪೊ ಅಂತಲೇ ಇದೆಯಾ ನೋಡಿ. ಎನ್‌ಐಎಂಎಚ್ (ನಿಕಲ್ ಥರದ ಬ್ಯಾಟರಿ) ಅಂತ ಇದ್ದುಬಿಟ್ಟರೆ ವೋಲ್ಟ್ ಇಳಿದಾಗ ಇಎಸ್‌ಸಿ ಲಿಪೊಗೆ ತಕ್ಕ ಹಾಗೆ ನಿಲ್ಲಿಸಲ್ಲ, ಬ್ಯಾಟರಿ ಉಬ್ಬುತ್ತೆ. ಸೆಲ್ಲಿಗೆ 3.2 ವೋಲ್ಟ್ ಸುಮಾರಿಗೆ ನಿಲ್ಲುವ ಹಾಗೆ ಇಡಿ. ಪಂಚ್ (ಹೊರಡುವಾಗ ಎಷ್ಟು ಜೋರಾಗಿ ನುಗ್ಗಬೇಕು) ಅನ್ನುವ ಸೆಟ್ಟಿಂಗನ್ನು ಕೆಳಗೇ ಇಡಿ, ಡಿಫರೆನ್ಷಿಯಲ್ ಉಳಿಯುತ್ತೆ. ರಿಮೋಟಿನಲ್ಲಿ ಥ್ರಾಟಲ್ ಲಿಮಿಟ್ ಇದ್ದರೆ ಮೊದಲ ವಾರ ಅರ್ಧಕ್ಕೆ ಇಡಿ. ಮಗ ಗೊಣಗುತ್ತಾನೆ, ಗೊಣಗಲಿ.

ಮೂರನೇ ನಿಮಿಷಕ್ಕೆ ಒಮ್ಮೆ, ಆರನೇ ನಿಮಿಷಕ್ಕೆ ಒಮ್ಮೆ ಗಾಡಿ ನಿಲ್ಲಿಸಿ ಮೋಟರ್ ಮುಟ್ಟಿ ನೋಡಿ. ಬೆರಳಿಟ್ಟು ಒಂದು, ಎರಡು, ಮೂರು ಅಂತ ನಿಧಾನಕ್ಕೆ ಎಣಿಸಲು ಆದರೆ ಸರಿ. ಒಂದು ಅನ್ನುವ ಮೊದಲೇ ಕೈ ತಾನಾಗಿ ಹಿಂದೆ ಬಂದರೆ ಪಿನಿಯನ್ನಿನಲ್ಲಿ ಎರಡು ಹಲ್ಲು ಇಳಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಮೋಟರ್ 80 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಿ. ಕೋವಿಡ್ ಕಾಲದಲ್ಲಿ ತಂದ ಹಣೆಗೆ ಹಿಡಿಯುವ ಗನ್ ತರಬೇಡಿ, ಅದು ಸಾಮಾನ್ಯವಾಗಿ 43 ಡಿಗ್ರಿ ಹತ್ತಿರ ಬಂದರೇ 'ಹೈ' ಅಂತ ತೋರಿಸಿ ಸುಮ್ಮನಾಗುತ್ತೆ. ಮೆಕ್ಯಾನಿಕ್‌ಗಳು ಇಟ್ಟುಕೊಳ್ಳುವ ಥರದ್ದು ಬೇಕು. ಇಎಸ್‌ಸಿಗೆ ತನ್ನದೇ ಬಿಸಿ ತಡೆ ಇದೆ, 100 ಡಿಗ್ರಿ ದಾಟಿದ ಮೇಲೆ ತಾನೇ ನಿಲ್ಲುತ್ತೆ. ಅದು ಪದೇ ಪದೇ ಹಾಗೆ ನಿಲ್ಲುತ್ತಿದ್ದರೆ ಇಎಸ್‌ಸಿ ಬದಲಿಸುವ ಮೊದಲು ಗೇರ್ ಬದಲಿಸಿ, ಹುಲ್ಲು ಬಿಟ್ಟು ಗಟ್ಟಿ ನೆಲದಲ್ಲಿ ಓಡಿಸಿ ನೋಡಿ.

ಕೆರೆ ಅಂಗಳ ಅಂದಿರಿ. ಬೇಸಿಗೆಯಲ್ಲಿ ಆ ನುಣ್ಣನೆ ಧೂಳು ಫ್ಯಾನಿನೊಳಗೆ ಕೂರುತ್ತೆ, ಪ್ರತಿ ಸಲ ಬ್ರಶ್ಶಿನಲ್ಲಿ ಕೊಡವಿ. ನೀರಿರುವ ಕಾಲಕ್ಕೆ, ವಾಟರ್‌ಪ್ರೂಫ್ ಅಂತ ಬರೆದಿರುವುದು ಇಎಸ್‌ಸಿಗೆ ಮಾತ್ರ ಅನ್ನೋದು ನೆನಪಿರಲಿ. ರಿಸೀವರ್, ಸರ್ವೊ, ಬೇರಿಂಗ್ ಅವಕ್ಕೆ ಅವುಗಳದ್ದೇ ಹಣೆಬರಹ. ಒದ್ದೆಯಾದರೆ ಒರೆಸಿ ನೆರಳಲ್ಲಿ ಒಣಗಿಸಿ, ಬೇರಿಂಗಿಗೆ ಒಂದು ತೊಟ್ಟು ಎಣ್ಣೆ ಬಿಡಿ.

ಹಳೇ ಇಎಸ್‌ಸಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ರಶ್ಡ್ ಇಎಸ್‌ಸಿಗೆ ಎರಡೇ ವಯರ್, ಅದು ಬ್ರಶ್‌ಲೆಸ್ ಮೋಟರನ್ನು ಓಡಿಸಲ್ಲ. ಎಸೆಯಬೇಡಿ, ಸೋತಿರುವುದು ಮೋಟರ್ ಮಾತ್ರ. ಹೊಸ ಜೋಡಿ ಬರುವಷ್ಟರಲ್ಲಿ ಪರೀಕ್ಷೆ ಮುಗಿದು ರಜೆ ಶುರುವಾಗಿದ್ದರೆ ಅದಕ್ಕೊಂದು 550 ಮೋಟರ್ ಹಾಕಿ ಓಡಿಸುತ್ತಿರಲಿ, ಅದು ಅಷ್ಟೇನೂ ದುಬಾರಿ ಅಲ್ಲ.